ನೀರುಗಂಟಿಯ ಸೊಂಟ

ದುದ್ದದ ನೀರುಗಂಟಿ ಸಿದ್ದರಾಜು ಸೋಮವಾರ ಬೆಳಗ್ಗೆ ಊರಿಗೆ ನೀರು ಬಿಡಲೆಂದು ಬಗ್ಗಿ ವಾಲ್ವ್ ತಿರುಗಿಸಿದ. ತುಕ್ಕು ಹಿಡಿದ ವಾಲ್ವ್ ತಿರುಗಲಿಲ್ಲ, ಅವನ ಸೊಂಟ ತಿರುಗಿತು. ಅಂದಿನಿಂದ ಊರಿಗೆ ನೀರಿಲ್ಲ, ಅವನಿಗೆ ನಿದ್ದೆಯಿಲ್ಲ. ಸೊಂಟದಿಂದ ತೊಡೆಸಂದಿನವರೆಗೂ ಒಂದೇ ಸೆಳೆತ. ಮೂರು ರಾತ್ರಿ ರೆಪ್ಪೆಗೆ ರೆಪ್ಪೆ ಹತ್ತದ ಆ ಬಡಪಾಯಿಗೆ ಬೇಕಿದ್ದುದು ಒಂದೇ ಒಂದು ಗಂಟೆಯ ನಿದ್ದೆ.

ಗುರುವಾರ ಮಂಡ್ಯದ ಆಸ್ಪತ್ರೆಗೆ ಹೋದ. ಸಾಲಿನಲ್ಲಿ ಕಿವಿಗೆ ಬುಗುಡಿ ಹಾಕಿದ್ದ ಮುದುಕಿಯೊಬ್ಬಳು ತನಗಿಂತ ಹೆಚ್ಚು ನರಳುತ್ತಿದ್ದಳೆಂದು, ಪುಣ್ಯಾತ್ಮ, ಸಿಕ್ಕಿದ್ದ ಕುರ್ಚಿಯನ್ನೂ ಬಿಟ್ಟುಕೊಟ್ಟ. ಡಾಕ್ಟರ್ ಅರುಂಧತಿ ಅವನನ್ನು ಬಗ್ಗಿಸಿ, ಮಲಗಿಸಿ, ಕಾಲೆತ್ತಿಸಿ ನೋಡಿದರು. ಮತ್ತೇರಿ ನಿದ್ದೆ ಬರುವಂಥ ಗಟ್ಟಿ ಮಾತ್ರೆ ಬರೆದುಕೊಡಿ ಎಂದು ಅವನು ಅಂಗಲಾಚಿದ.

"ಅದು ಬೇಡ. ನೋವು ಇದ್ದಲ್ಲೇ ಇರುತ್ತೆ, ಮಾತ್ರೆ ಚಟ ಆಗ್ಬಿಡುತ್ತೆ. ನೀವು ನಡೀರಿ. ಮಲಗಿದಷ್ಟೂ ಸೊಂಟ ಹಿಡ್ಕೊಳುತ್ತೆ."

ಬಿಸಿನೀರಿನ ಶಾಖ, ನಾಲ್ಕು ವ್ಯಾಯಾಮ, ಮಲಗುವಾಗ ಮಂಡಿಗಳ ನಡುವೆ ದಿಂಬು. ಚೀಟಿಯಲ್ಲಿದ್ದುದು ಇಷ್ಟೇ. ನಡೆಯಲಾಗುತ್ತಿಲ್ಲ ಎಂದು ಬಂದವನಿಗೆ ನಡೆ ಎನ್ನುತ್ತಾರಲ್ಲ ಎಂದು ಸಿದ್ದರಾಜುವಿಗೆ ಅಳುವೇ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ರವಿಚಂದ್ರ ಸಿಕ್ಕಿದ. ಯಾರ ಮನೆಯ ಕಾಯಿಲೆಯಾದರೂ ಅವನಿಗೆ ಸ್ವಂತದ್ದು. ಚೀಟಿ ಓದಿ ನಕ್ಕ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಎಡಗಾಲಲ್ಲಿ ಒದ್ದರೆ ಸೊಂಟದ ಉಳುಕು ಹೋಗುತ್ತದೆಂದು ಊರಿಗೇ ಗೊತ್ತು, ಪಾಪ ಡಾಕ್ಟರಿಗೆ ಗೊತ್ತಿಲ್ಲ ಅಷ್ಟೇ ಎಂದ.

"ನಮ್ಮೂರಲ್ಲಿ ಅಂಥೋರು ಒಬ್ರೂ ಇಲ್ಲ ಕಣ್ಲಾ. ಅಲಗೂರಲ್ಲಿ ಮಂಚಮ್ಮ ಅಂತವ್ಳೆ. ಓಗಿ ಒದಿಸ್ಕೊಂಡು ಬಾ. ನಾಳೆ ನೀರು ಬುಡ್ಬೇಕಲ್ಲ ನೀನು."

ರವಿಚಂದ್ರನ ಮನೆಯ ನೀರಿನ ಡ್ರಮ್ಮು ಖಾಲಿಯಾಗಿ ಎರಡು ದಿನವಾಗಿತ್ತು.

ಮದ್ದೂರಿಗೊಂದು ಬಸ್ಸು, ಮಳವಳ್ಳಿಗೊಂದು, ಹಲಗೂರಿಗೆ ಮತ್ತೊಂದು. ಎಲ್ಲೂ ಸೀಟಿಲ್ಲ, ಸಿಕ್ಕರೂ ಕೂರುವ ಸ್ಥಿತಿಯಿರಲಿಲ್ಲ. ಹಲಗೂರಿನಲ್ಲಿ ಇಳಿದು, ಕೇಳಿ ಕೇಳಿ ಎರಡು ಮೈಲಿ ನಡೆದು ಹೋದರೆ ಮಂಚಮ್ಮನ ಬಾಗಿಲಿಗೆ ಬೀಗ. ಕಂಡವರ ಸೊಂಟ ಒದ್ದು ಒದ್ದು ಅವಳ ಸೊಂಟವೇ ಹಿಡಿದು, ಬೆಳಗ್ಗೆ ಮಂಡ್ಯದ ಆಸ್ಪತ್ರೆಗೆ ಹೋದಳೆಂದು ಎದುರುಮನೆಯವಳು ಹೇಳಿದಳು. ಗುರುತಿಗೆ, ಕಿವಿಯಲ್ಲಿ ಬುಗುಡಿ ಎಂದೂ ಸೇರಿಸಿದಳು.

ತಾನು ಕುರ್ಚಿ ಬಿಟ್ಟುಕೊಟ್ಟದ್ದು ಯಾರಿಗೆಂದು ಸಿದ್ದರಾಜುವಿಗೆ ಆಗ ಹೊಳೆಯಿತು. ಯಾರನ್ನು ಬೈಯುವುದೋ ತಿಳಿಯದೆ ಮತ್ತೆರಡು ಮೈಲಿ ನಡೆದು ಬಸ್ಸು ಹಿಡಿದ.

ಹೊತ್ತು ಮುಳುಗುವ ಮುಂಚೆ ದುದ್ದದಲ್ಲಿಳಿದು ಮನೆಯ ಕಡೆ ಹೆಜ್ಜೆ ಹಾಕುವಾಗ ಅವನು ತಟ್ಟನೆ ನಿಂತ. ಸೆಳೆತ ಸಡಿಲವಾಗಿತ್ತು. ಡಾಕ್ಟರಮ್ಮ ನಡಿ ಎಂದದ್ದು ಸುಳ್ಳಲ್ಲ! ಸಂಕೋಚವೂ ಸಂತೋಷವೂ ಒಟ್ಟಿಗೇ ಆದವು. ಕಣ್ಣು ಎಳೆಯತೊಡಗಿತು. ಮನೆಗೆ ಬಂದವನೇ ಮಂಡಿಗಳ ನಡುವೆ ದಿಂಬಿಟ್ಟು ಮಲಗಿ, ತಾಯಿ ಚಿಕ್ಕನಂಜಮ್ಮನಿಗೆ ನಡೆದದ್ದೆಲ್ಲ ಹೇಳಿದ.

"ಅಲ್ಲೀಗಂಟ ಯಾಕ್ಲಾ ಓಗಿದ್ದೆ? ನೀನೇ ಕಾಲು ಮುಂದಾಗಿ ಉಟ್ಟೋನು. ಊರೋರ ಸ್ವಾಂಟವೆಲ್ಲ ನಮ್ಮ ಬಾಗ್ಲಿಗೆ ಬತ್ತವೆ ಅಂತ ನಲವತ್ತು ವರ್ಸದಿಂದ ಬಾಯಿ ಬುಟ್ಟಿಲ್ಲ ನಾನು."

ಸಿದ್ದರಾಜುವಿಗೆ ಅರ್ಧ ಕೇಳಿಸಿತು, ಇನ್ನರ್ಧಕ್ಕೆ ನಿದ್ದೆ ಹತ್ತಿತ್ತು. ಪೂರ್ತಿ ಕೇಳಿಸಿಕೊಂಡವನು ಕಿಟಕಿಯಾಚೆ ನಿಂತಿದ್ದ ರವಿಚಂದ್ರ. ಒದೆ ಬಿತ್ತೋ ಇಲ್ಲವೋ ವಿಚಾರಿಸಲು ಬಂದಿದ್ದ.

ಹತ್ತು ನಿಮಿಷವಾಗಿರಲಿಲ್ಲ, ತಾಯಿ ಅಲುಗಿಸಿ ಎಬ್ಬಿಸಿದಳು. ಅಂಗಳದಲ್ಲಿ ಹನ್ನೊಂದು ಜನ ಬೆನ್ನು ತಿರುಗಿಸಿ ಸಾಲಾಗಿ ನಿಂತಿದ್ದರು. ಮೊದಲನೆಯವನು ರವಿಚಂದ್ರನೇ.

"ಮೂರು ದಿನದಿಂದ ಬೋರ್‌ವೆಲ್ಲಿಂದ ಬಿಂದಿಗೆ ಒತ್ತು ಒತ್ತು ಎಲ್ಲರ್ ಸ್ವಾಂಟನೂ ಇಡ್ಕಂಡದೆ ಕಣ್ಲಾ. ನೀನು ತಂದ ನೋವು, ನೀನೇ ಒದ್ದು ಓಡ್ಸು."

ಮೂರು ರಾತ್ರಿ ನಿದ್ದೆಗೆಟ್ಟ ಸಿಟ್ಟನ್ನೆಲ್ಲ ಎಡಗಾಲಿಗೆ ತಂದುಕೊಂಡು ಸಿದ್ದರಾಜು ಒದ್ದ. ರವಿಚಂದ್ರ ನೆಟ್ಟಗಾಗಿ, ಹೋಯಿತು ಎಂದು ನಕ್ಕ. ಸಿದ್ದರಾಜುವಿನ ಸೊಂಟ ಕಟಕ್ ಎಂದಿತು. ಅವನು ಹೊಸ್ತಿಲು ಹಿಡಿದು ಕುಸಿಯುತ್ತಿದ್ದಂತೆ, ಉಳಿದ ಹತ್ತು ಬೆನ್ನುಗಳು ಅವನ ಕಡೆಗೆ ಒಂದೊಂದು ಹೆಜ್ಜೆ ಸರಿದು ನಿಂತವು.