ನಮ್ಮ ಅಕ್ಕನ ಮಗಳು ಮತ್ತು ನಮ್ಮೆಲ್ಲರ ತಲೆಗಳು

ನಮ್ಮ ಅಕ್ಕನ ಮಗಳ ಎದುರು ಯಾರೂ ತಲೆ ಕೆರೆದುಕೊಳ್ಳಬಾರದು. ಕೆರೆದುಕೊಂಡಿರೋ, ಹಾಗೆ ಮಾಡೆಂದು ಕೈಗೆ ಅಪ್ಪಣೆ ಕೊಟ್ಟದ್ದು ಮಿದುಳಿನ ಯಾವ ಮೂಲೆ, ಆ ಅಪ್ಪಣೆ ಯಾವ ಹಾದಿ ಹಿಡಿದು ಬೆರಳಿಗೆ ಬಂತು ಎಂದು ವಿವರಿಸಲು ಕೂಡುತ್ತಾಳೆ. ಅವಳು ಮುಗಿಸುವ ಹೊತ್ತಿಗೆ ತುರಿಕೆ ಬೇಸತ್ತು ತಾನೇ ಎದ್ದು ಹೋಗಿರುತ್ತದೆ!

ಹುಡುಗಿ ಸಿಂದಗಿಯವಳು, ದೂರದ ಊರಿನ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಈಗ ಡಿಗ್ರಿಯಲ್ಲಿ ಎರಡು ವಿಷಯಗಳನ್ನು ಒಟ್ಟಿಗೇ ಮುಖ್ಯವಾಗಿ ಓದಬಹುದಂತೆ. ಅವಳು ಒಂದು ಕೈಯಲ್ಲಿ ನ್ಯೂರೋಸೈನ್ಸ್, ಅಂದರೆ ಮಿದುಳು ಮತ್ತು ನರಗಳ ವಿಜ್ಞಾನ, ಇನ್ನೊಂದು ಕೈಯಲ್ಲಿ ಭಾಷಾವಿಜ್ಞಾನ ಹಿಡಿದುಕೊಂಡಳು. ಅರಿವೆ ಅಂಗಡಿಯ ನಮ್ಮ ಭಾವನಿಗೆ ಇದು ಅರ್ಥವಾಗಲಿಲ್ಲ.

"ಒಂದ ಸಾಕಾಗಿತ್ತಲ್ಲವ್ವ, ಎರಡ್ಯಾಕ?" ಎಂದು ಕೇಳಿದರು.

"ಅಪ್ಪಾ, ಮಾತು ತಲ್ಯಾಗ ಎಲ್ಲಿ ಹುಟ್ತೈತಿ ಅಂತ ಒಂದರಾಗ ಕಲಸ್ತಾರ. ಹುಟ್ಟಿದ ಮಾತು ಹೆಂಗ ನಡೀತೈತಿ ಅಂತ ಇನ್ನೊಂದರಾಗ."

"ಮಾತು ಹುಟ್ಟೂದು, ನಡಿಯೂದು, ನಿಂದ್ರದ ಇರೂದು, ಮೂರೂ ನಿಮ್ಮವ್ವ ಮನ್ಯಾಗ ಫುಕಟ್ ಕಲಸ್ತಿದ್ಲಲ್ಲ!"

ಆ ದಿನ ಭಾವನ ತಾಟಿಗೆ ಬಿದ್ದ ರೊಟ್ಟಿ ತಣ್ಣಗಿತ್ತೆಂದು ನಂತರ ತಿಳಿದುಬಂತು.

ಅವಳ ದಿನಚರಿ ಕೇಳಿದರೆ ನನಗೆ ಇಲ್ಲಿ ಕೂತಲ್ಲೇ ಸುಸ್ತಾಗುತ್ತದೆ. ಬೆಳಿಗ್ಗೆ ಲ್ಯಾಬಿನಲ್ಲಿ ಕುರಿಯ ಮಿದುಳು ಕೊಯ್ದು ನೋಡುವುದು. ಮಧ್ಯಾಹ್ನ ಇನ್ನೊಂದು ಕಟ್ಟಡಕ್ಕೆ ಓಡಿ, ನಮ್ಮ ಕಡೆಯವರು ಶಾಲೆಗೆ ಸಾಲಿ ಎಂದೇಕೆ ಅನ್ನುತ್ತಾರೆಂದು ಚರ್ಚಿಸುವುದು! ಒಮ್ಮೆ ವಿಡಿಯೋ ಕಾಲ್‌ನಲ್ಲಿ ಆ ಮಿದುಳನ್ನು ಅಂಗೈ ಮೇಲಿಟ್ಟು, "ಮಾಮಾ, ಎಷ್ಟ ಛಂದ ಐತಿ ನೋಡು!" ಎಂದಳು. ಈರುಳ್ಳಿಯ ವಾಸನೆಗೇ ಸೋಮವಾರ ಮೂಗು ಮುಚ್ಚುವ ನನ್ನ ಹೆಂಡತಿ ಫೋನಿನಿಂದ ಮಾರು ದೂರ ಸರಿದು, "ಮೊದಲ ಜಳಕಾ ಮಾಡು, ಆಮ್ಯಾಲೆ ಫೋನ್ ಹಚ್ಚು!" ಎಂದು ಕೂಗಿದಳು.

ಮಿದುಳು ಓದುತ್ತಾಳೆ ಎಂಬ ಸುದ್ದಿ ಬೀಗರಲ್ಲೆಲ್ಲ ಹಬ್ಬಿ, ಹಬ್ಬುತ್ತ ಹಬ್ಬುತ್ತ ಅವಳು ತಲೆ ಡಾಕ್ಟರೇ ಆಗಿಬಿಟ್ಟಳು. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಅಕ್ಕಿಕಾಳು ಹಾಕಿ ಊಟಕ್ಕೆ ಕೂಡಬೇಕಾದವರು ಅವಳ ಮುಂದೆ ಪಾಳಿ ಹಚ್ಚಿ ನಿಂತರು. ನಾಲತವಾಡದ ಹಿರಿಯರೊಬ್ಬರು ರುಮಾಲು ಬಿಚ್ಚಿ ತಲೆ ಬಾಗಿಸಿಯೇ ಬಿಟ್ಟರು.

"ಅರ್ಧ ತಲಿ ಸಿಡೀತೈತಿ, ನೋಡವ್ವ."

"ನಾ ಡಾಕ್ಟರ್ ಅಲ್ರಿ ಮುತ್ತ್ಯಾ, ಇನ್ನಾ ಡಿಗ್ರಿ ಓದಾಕತ್ತೇನಿ."

"ಇರ್ಲೇಳವ್ವ, ಮುಟ್ಟಿಯರ ನೋಡು!"

ಬೇರೆ ದಾರಿ ಕಾಣದೆ ಮುಟ್ಟಿದಳು. ಹಿರಿಯರು ಕಣ್ಣು ಮುಚ್ಚಿ ನಿಂತು, "ಹಗರಾತು ನೋಡು" ಎಂದು ಹೊಸ ಹುರುಪಿನಲ್ಲಿ ಹುಗ್ಗಿಯ ಕಡೆ ನಡೆದರು. ಅವರಿಗಿಂತ ಹೆಚ್ಚು ಖುಷಿಯಾದದ್ದು ನಮ್ಮ ಹುಡುಗಿಗೆ. "ಮಾಮಾ, ನಾ ಏನೂ ಮಾಡಿಲ್ಲ, ಆದ್ರೂ ನೋವು ಕಮ್ಮಿ ಆತು! ಇದನ್ನ ನಾವು ಪುಸ್ತಕದಾಗ ಓದೇವಿ!" ಎಂದು ನನ್ನ ತೋಳು ಹಿಡಿದು ಕುಣಿದಳು.

ಇಂಡಿಯಲ್ಲಿ ನನ್ನದು ಲಿಂಬೆಕಾಯಿ ವ್ಯಾಪಾರ. ರಜೆಗೆ ಬಂದಾಗ ಅಲ್ಲಿಗೂ ಬಂದಳು. ವ್ಯಾಪಾರಿಗಳನ್ನೆಲ್ಲ ಚೀಲಗಳ ಮೇಲೆ ಕೂಡಿಸಿ, "ಕಣ್ಣ ಮುಚ್ಚಿ, ಲಿಂಬಿಹಣ್ಣು ಹೆಚ್ಚಿ ನಾಲಿಗಿ ಮ್ಯಾಲೆ ಹಿಂಡಿದಂಗ ನೆನಸ್ಕೋರಿ. ನೀರು ಬಂತೇನ್ರಿ?" ಎಂದು ಕೇಳಿದಳು. ಎಲ್ಲರೂ ಕಣ್ಣು ಮುಚ್ಚಿದರು. ಯಾರೂ ತುಟಿ ಒರೆಸಿಕೊಳ್ಳಲಿಲ್ಲ. ಕೊನೆಗೆ ಝಳಕಿಯ ವ್ಯಾಪಾರಿಯೊಬ್ಬರು ಒಂದು ಕಣ್ಣು ತೆರೆದು, "ಬರ್ತಾವ ಬೇಟಾ, ಆದ್ರ ಬಾಯಾಗಲ್ಲ. ಈ ವಾರದ ರೇಟ್ ನೆನಸ್ಕೊಂಡ್ರ ಕಣ್ಣಾಗ ಬರ್ತಾವ!" ಎಂದರು.

ನಗುತ್ತೇವೆ ನಿಜ. ಆದರೆ ಹೇಳಿಬಿಡುತ್ತೇನೆ, ನನಗೆ ಈ ಹುಡುಗಿ ಎಂದರೆ ಬೆರಗು. ತಲೆ ಇದ್ದೂ ಅದರೊಳಗೆ ಏನಿದೆ ಎಂದು ಒಮ್ಮೆಯೂ ಕೇಳದೆ ಅರ್ಧ ಆಯುಷ್ಯ ಕಳೆದವನು ನಾನು. ಅವಳು ಕೇಳಿದಳಲ್ಲ!

ಹೋದ ವರ್ಷ ನಮ್ಮ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಬಸವನ ಬಾಗೇವಾಡಿಯ ತವರಿನಿಂದ ಬಂದಂದಿನಿಂದ ಇಡೀ ಓಣಿಯನ್ನು ಮಾತಿನಲ್ಲೇ ಆಳಿದವಳು ಅವಳು. ಈಗ ನೀರು ಬೇಕೆಂದರೂ "ಬಾ ಬಾ" ಅಷ್ಟೇ. ವ್ಯಾಯಾಮ ಮಾಡಿಸಿರಿ, ಮಾತು ಬಂದರೂ ಬರಬಹುದು ಎಂದರು ಡಾಕ್ಟರು. ತಿಂಗಳುಗಳು ಕಳೆದವು. ನಮ್ಮ ಹೆಸರು ಹೇಳಲು ಹೋಗಿ, ಸೋತು, ಅವ್ವ ಗೋಡೆಯ ಕಡೆ ಹೊರಳಿ ಮಲಗತೊಡಗಿದಳು. ನನ್ನ ಅವ್ವನನ್ನು ನಾನು ಇನ್ನು ಮಾತಾಡಿಸಲಾರೆ ಎಂದು ಎದೆ ಒಡೆಯುತ್ತಿತ್ತು.

ಹುಡುಗಿ ಬಂದವಳೇ ಮೊದಲು ನನ್ನನ್ನು ಬೈದಳು. "ಆಯಿ ಕಿವುಡಿ ಅಲ್ಲ ಮಾಮಾ, ಯಾಕ ಒದರ್ತಿ?" ಆಮೇಲೆ ಹತ್ತಿರ ಕೂತು, "ಹೊಸದಾಗಿ ಮಾತು ಜೋಡಸೂ ಹಾದಿ ಕೆಟ್ಟೈತಿ. ಆದ್ರ ಬಾಯಿಪಾಠ ಆದದ್ದು ಬ್ಯಾರೆ ಹಾದೀಲೆ ಬಂದ್ರೂ ಬರಬಹುದು" ಎಂದಳು. ವಾರಗಳ ಹೆಸರು ಹೇಳಿಸಿ ನೋಡಿದಳು, ಮಗ್ಗಿ ಹೇಳಿಸಿದಳು, ಅವ್ವ ದಿನಾ ಹೇಳುತ್ತಿದ್ದ ವಚನಗಳನ್ನು ಅರ್ಧಕ್ಕೆ ನಿಲ್ಲಿಸಿ ಕಾದಳು. ತುಟಿ ಅಲುಗಿದವು, ಮಾತು ಬರಲಿಲ್ಲ.

ಒಂದು ಸಂಜೆ ಅವ್ವನನ್ನು ಅಂಗಳದಲ್ಲಿ ನಡೆಸಿ ಒಳಗೆ ತರುತ್ತಿದ್ದೆ. ಹುಡುಗಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಆಯಿ, ಒಡಪು ಹೇಳು. ಮುತ್ತ್ಯಾನ ಹೆಸರು ಹೇಳದ ಒಳಗ ಬಿಡಾಂಗಿಲ್ಲ!"

ನಮ್ಮಲ್ಲಿ ಹೊಸ ಮದುಮಗಳನ್ನು ನಾದಿನಿಯರು ಹೀಗೇ ಹೊಸಿಲಿನಲ್ಲಿ ತಡೆಯುತ್ತಾರೆ. ಅವಳು ಗಂಡನ ಹೆಸರನ್ನು ಒಂದು ಒಡಪಿನಲ್ಲಿ, ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ, ಸೇರಿಸಿ ಹೇಳಿದರೇ ದಾರಿ. ಆದರೆ ಅಪ್ಪ ತೀರಿ ಬಹಳ ವರ್ಷಗಳಾಗಿದ್ದವು. ನನ್ನ ಹೆಂಡತಿ ಬೆಚ್ಚಿ ಓಡಿ ಬಂದಳು. "ಏನ ಮಾಡಾಕತ್ತಿ? ಮುತ್ತೈದೇರು ಹೇಳೂದದು! ಅತ್ತಿಯವರಿಗೆ ಕೇಳಬಾರದು."

"ಆಯಿ ತಲ್ಯಾಗ ಮುತ್ತ್ಯಾ ಎಲ್ಲೂ ಹೋಗಿಲ್ಲ, ಮಾಮಿ."

"ಅವ್ವನ ಕಾಲ ನಡಗಾಕತ್ತಾವ, ಹಾದಿ ಬಿಡು!" ಎಂದು ನಾನೂ ರೇಗಿದೆ. ಹುಡುಗಿ ಕದಲಲಿಲ್ಲ.

ಅವ್ವ ಅವಳನ್ನೇ ನೋಡಿದಳು. ಮೆಲ್ಲಗೆ ಎಡಗೈಯಿಂದ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ನನ್ನ ಅವ್ವ ನಾಚಿಕೊಂಡದ್ದನ್ನು ನಾನು ಅದೇ ಮೊದಲು ಕಂಡದ್ದು.

"ಇಂಡೀ ಲಿಂಬಿ... ಸಿಂದಗಿ ಬೆಲ್ಲ..." ಮಾತು ತೊಡರಿತು. ಮತ್ತೆ ಎದ್ದಿತು. "ಗುರಪ್ಪನವರ ಹೆಸರ ಹೇಳಾಕ... ನನಗ ನಾಚಿಕಿ ಇಲ್ಲ."

ಯಾವ ನರ, ಯಾವ ಮೂಲೆ ಎಂದು ವಿವರಿಸಬೇಕಾದವಳು ಹೊಸಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವ್ವ ಅವಳ ತಲೆ ಸವರುತ್ತ "ಬಾ ಬಾ" ಎಂದಳು.

ರಜೆ ಮುಗಿಸಿ ಹುಡುಗಿ ಕಾಲೇಜಿಗೆ ಹೋದಳು. ಅವ್ವನಿಗೆ ಬೇರೆ ಮಾತು ಇನ್ನೂ ಬಂದಿಲ್ಲ. ಅವಳು ಹೋದ ದಿನ ಸಂಜೆ ಅಂಗಳದಿಂದ ಕರೆತರುವಾಗ ಬಾಗಿಲು ತೆರೆದೇ ಇತ್ತು, ಆದರೂ ಅವ್ವ ಹೊಸಿಲ ಮುಂದೆ ನಿಂತುಬಿಟ್ಟಳು. ಎಷ್ಟು ಕರೆದರೂ ಒಳಗೆ ಕಾಲಿಡಲಿಲ್ಲ. ಕಾಲು ಸೋತವೇನೋ ಎಂದು ನಾನು ಕುರ್ಚಿ ತರಲು ಹೊರಟೆ.

ಒಳಗಿನಿಂದ ನನ್ನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಅತ್ತೆಯ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು, "ಮಾವನವರ ಹೆಸರು ಹೇಳ್ರಿ ಅತ್ತಿ" ಎಂದಳು.