ಗುರು ಹಾಕಿದ ಸಿಳ್ಳೆ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳುವುದು ತಪ್ಪಲ್ಲ, ಉತ್ತರ ಮುಗಿಯುವ ತನಕ ಯಾರೂ ನಿಲ್ಲುವುದಿಲ್ಲವಲ್ಲ, ಅದಕ್ಕೆ. ಗ್ರಹಗಳ ಸುತ್ತ ಅವುಗಳ ಕಾಂತಶಕ್ತಿ ಹಬ್ಬಿರುವ ದೊಡ್ಡ ಆವರಣವಿದೆ, ಅದರಲ್ಲಿ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಅನಿಲ, ಎಷ್ಟು ದಟ್ಟವಾಗಿದೆ ಎಂದು ಲೆಕ್ಕ ಹಾಕುತ್ತೇನೆ ಅನ್ನುವಷ್ಟರಲ್ಲಿ, ರಕ್ತದ ಪ್ಲಾಸ್ಮಾ ಎಂದುಕೊಂಡು, "ಓ, ಬ್ಲಡ್ ಟೆಸ್ಟಾ? ನಮ್ಮೆಜಮಾನ್ರಿಗೆ ಶುಗರ್ ನೋಡ್ತೀರಾ?" ಎನ್ನುತ್ತಾರೆ. ಬಸವೇಶ್ವರನಗರದ ನಮ್ಮ ಅರ್ಧ ಬೀದಿಗೆ ನಾನು ಲ್ಯಾಬ್ ಮೇಡಂ.

ಇರಲಿ. ಹೇಳಹೊರಟಿದ್ದು ಮನೆ ಓನರ್ ಸಾವಿತ್ರಮ್ಮನವರ ಸಂಗತಿ. ಅವರು ಮಗ ಸೊಸೆಯೊಂದಿಗೆ ಕೆಳಗೆ, ನಾನು ಮೇಲಿನ ಪೋರ್ಷನ್ನಿನಲ್ಲಿ ಒಬ್ಬಳೇ. ಮದುವೆಯಾಗದ ನಲವತ್ತರ ಹೆಂಗಸಿಗೆ ಈ ಊರಿನಲ್ಲಿ ಮನೆ ಸಿಗುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಚಂದ್ರಾ ಲೇಔಟಿನಲ್ಲಿ ಒಬ್ಬರು, "ಯಾಕೆ ಮದ್ವೆ ಆಗಿಲ್ಲ ಅಂತ ಹೇಳಿ, ಆಮೇಲೆ ಕೀ ಕೊಡ್ತೀನಿ" ಎಂದಿದ್ದರು. ಸಾವಿತ್ರಮ್ಮ ಅದೇನೂ ಕೇಳದೆ, ಗಂಡಸರು ಬರುವ ಹಾಗಿಲ್ಲ ಎಂದಷ್ಟೇ ಹೇಳಿ ಒಪ್ಪಿಕೊಂಡಿದ್ದರು.

ಮೊನ್ನೆ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತಿದ್ದೆ. ಗುರುಗ್ರಹದಲ್ಲಿ ಮಿಂಚು ಹೊಡೆದಾಗ ಹುಟ್ಟುವ ರೇಡಿಯೋ ಅಲೆಗಳು ಪ್ಲಾಸ್ಮಾ ಹಾದು ಬರುವಾಗ, ಹೆಚ್ಚು ಕಂಪನದವು ಮುಂದೆ ಓಡುತ್ತವೆ, ಕಡಿಮೆಯವು ಹಿಂದೆ ಬೀಳುತ್ತವೆ. ಗುರುವಿನ ಬಳಿ ಹಾರುವ ಬಾಹ್ಯಾಕಾಶ ನೌಕೆ ಹಿಡಿದ ಆ ಅಲೆಗಳನ್ನು ಸದ್ದಾಗಿ ಮಾರ್ಪಡಿಸಿ ನಿಧಾನಿಸಿದರೆ, ಮೇಲಿಂದ ಕೆಳಕ್ಕೆ ಜಾರುವ ಸಿಳ್ಳೆ ಕೇಳಿಸುತ್ತದೆ. ಸಿಳ್ಳೆ ಎಷ್ಟು ಎಳೆದುಕೊಂಡಿತೋ ಅದರಿಂದ ಪ್ಲಾಸ್ಮಾದ ಸಾಂದ್ರತೆ ತಿಳಿಯುತ್ತದೆ. ಇಯರ್‌ಫೋನ್ ಕೆಟ್ಟಿತ್ತು, ಸ್ಪೀಕರಿನಲ್ಲಿ ಹಾಕಿದೆ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲನ್ನು ದಬದಬ ಬಡಿದರು, ತೆರೆದೆ.

"ಯಾರಮ್ಮ ಒಳಗೆ ಸಿಳ್ಳೆ ಹಾಕ್ತಿರೋದು? ನಮ್ ಸೊಸೆ ಬಟ್ಟೆ ಒಣಗಾಕ್ತಾ ಇದ್ದಾಳೆ. ಯಾವನವನು?" ಸಾವಿತ್ರಮ್ಮ ಕೇಳಿದರು.

ನಾನಿನ್ನೂ ಲೆಕ್ಕದ ಗುಂಗಿನಲ್ಲಿದ್ದೆ. "ಅದು ಗುರು, ಆಂಟಿ" ಎಂದುಬಿಟ್ಟೆ.

"ಗುರುನಾ? ಗುರುಪ್ರಸಾದಾ, ಗುರುರಾಜಾ? ಯಾವ ಜನ?"

"ಗುರುಗ್ರಹ ಆಂಟಿ! ಆಕಾಶದಲ್ಲಿರೋದು!"

"ಅವನ ಗ್ರಹಚಾರ ನಾನು ಬಿಡಿಸ್ತೀನಿ, ಇರು" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಂದರು. ಮಂಚದ ಕೆಳಗೆ ಬಗ್ಗಿದರು. ಬಚ್ಚಲು ನೋಡಿದರು. ಬೀರುವನ್ನೂ ತೆಗೆದರು. ಕಾಲೇಜಿನಲ್ಲಿ ನಾನು ಪಾಠಕ್ಕೆಂದು ತರಗತಿಗೆ ಹೋದರೆ ಹುಡುಗರೆಲ್ಲ ಎದ್ದು ನಿಲ್ಲುತ್ತಾರೆ. ಇಲ್ಲಿ ಈ ಹೆಂಗಸು ನನ್ನ ಸೀರೆಗಳ ಹಿಂದೆ ಗಂಡಸನ್ನು ತಡಕುತ್ತಿದ್ದರು. ಮೈಯೆಲ್ಲ ಉರಿದುಹೋಯಿತು.

"ನಿಮ್ಮಗ ಸಿಳ್ಳೆ ಹಾಕಿದ್ರೆ ಅವನ ಬೀರೂನೂ ಹೀಗೇ ತೆಗೀತೀರಾ? ಈ ತಿಂಗ್ಳೇ ಖಾಲಿ ಮಾಡ್ತೀನಿ! ಮೊದ್ಲು ಇಲ್ಲಿ ಕೂತ್ಕೊಳ್ಳಿ!" ಎಂದು ಕಿರುಚಿದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಅವರು ಕೂತೇಬಿಟ್ಟರು. ಲ್ಯಾಪ್‌ಟಾಪ್ ಅವರತ್ತ ತಿರುಗಿಸಿ ಗುಂಡಿ ಒತ್ತಿದೆ. ಸುಯ್ಯ್... ಎಂದಿತು. ಮತ್ತೊಮ್ಮೆ ಹಾಕಿದೆ.

ಸಾವಿತ್ರಮ್ಮನವರ ಮುಖದಿಂದ ಕೋಪ ಇಳಿಯಿತು. ಆ ಜಾಗದಲ್ಲಿ ಬಂದು ಕೂತದ್ದು ಕನಿಕರ.

"ಇಷ್ಟೇನಾ? ಬಯ್ಯೋಕೇ ಬಂದೆ ಕಣಮ್ಮ. ಆದ್ರೂ ಮೆಟ್ಲು ಹತ್ತುವಾಗ, ಸದ್ಯ, ಇವಳಿಗೂ ಯಾರೋ ಒಬ್ಬ ಸಿಕ್ಕಿದ್ನಲ್ಲ ಅನ್ನಿಸ್ತು" ಎಂದು ನನ್ನ ತಲೆ ಸವರಿ, ನಿಟ್ಟುಸಿರಿಟ್ಟು ಇಳಿದು ಹೋದರು.

ಬೀರು ತೆಗೆದಾಗ ಬಂದದ್ದು ಸಿಟ್ಟೇ ಅಲ್ಲ. ನಿಜವಾದ ಸಿಟ್ಟು ಈಗ ಬಂತು, ಇನ್ನೂ ಇಳಿದಿಲ್ಲ. ಒಬ್ಬ ಗಂಡಸನ್ನು ಬಚ್ಚಿಡುವಷ್ಟು ಯೋಗ್ಯತೆಯೂ ನನಗಿಲ್ಲವೆಂದು ಎರಡೇ ಸಿಳ್ಳೆಗೆ ನಂಬಿಬಿಡುವುದೇ? ಇನ್ನೊಂದು ಸ್ವಲ್ಪ ಹೊತ್ತು ಅನುಮಾನಪಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು!