ಕೈಬಲೆಯಲ್ಲಿ ಅತ್ತೆ

ಹನ್ನೆರಡು ವರ್ಷದ ಸಂಸಾರದಲ್ಲಿ ಕಾಂಪನ್ ಒಂದೇ ಒಂದು ದಿನ, ಯಾರೂ ಹೇಳದೆ, ತಾನಾಗಿ ಮನೆಕೆಲಸ ಮಾಡಿದ. ಮನೆಯ ಮರದ ಮೆಟ್ಟಿಲುಗಳನ್ನು ಸೋಪುನೀರು ಹಾಕಿ ತಿಕ್ಕಿದ. ಅದೇ ತಪ್ಪಾಯಿತು.

ಎತ್ತರದ ಕಂಬಗಳ ಮೇಲೆ ನಿಂತ ಮನೆ, ಹನ್ನೊಂದು ಮೆಟ್ಟಿಲು. ಬೆಳಿಗ್ಗೆ ಭಿಕ್ಷುಗಳಿಗೆ ಅನ್ನ ನೀಡಲು ಬುಟ್ಟಿ ಹಿಡಿದು ಹೊರಟ ಅತ್ತೆ ಬುವಾಲೈ ಮೇಲಿನ ಮೆಟ್ಟಿಲಲ್ಲಿ, "ಯಾರು ಇಲ್ಲಿ ಸೋಪು" ಎಂದು ಶುರುಮಾಡಿದರು. ಕೆಳಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಮಾತು ನಿಂತಿತ್ತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ರಕ್ತ ನೋಡಿದರು. "ಮೂಳೆ ಮುರಿದಿಲ್ಲ, ಒಳಗೆ ರಕ್ತ ಸೋರಿಲ್ಲ. ಆದ್ರೂ ಯಾಕೆ ಎಚ್ಚರ ಆಗ್ತಿಲ್ಲ ಅಂತ ತಿಳೀತಿಲ್ಲ," ಎಂದ ಡಾಕ್ಟರು, "ಎಪ್ಪತ್ತೆಂಟು ವಯಸ್ಸು. ಸಂಜೆವರೆಗೂ ನೋಡೋಣ," ಎಂದು ದನಿ ತಗ್ಗಿಸಿದರು. ಒಬ್ಬ ರೋಗಿಯ ಜೊತೆ ಒಬ್ಬರೇ ಇರಬೇಕೆಂಬ ನಿಯಮ. ಮಗಳು ಪಿಕುನ್ ಒಳಗೆ ಉಳಿದಳು. ಅಳಿಯನನ್ನು ಕಾವಲುಗಾರ ಹೊರಗೆ ಕಳಿಸಿದ.

ಕಾಂಪನ್ ಮನೆಗೆ ಬಂದ. ದಿನವೂ ಅತ್ತೆ ಮೆಟ್ಟಿಲ ತುದಿಯಲ್ಲಿ ಕುಳಿತು ಅವನ ತಪ್ಪುಗಳನ್ನು ಜಪಮಾಲೆಯಂತೆ ಎಣಿಸುತ್ತಿದ್ದರು. ಮನೆಯ ಅಡಿಯ ನೆರಳಿನಲ್ಲಿ, ತೂಗುಬಲೆಯ ಹಾಸಿಗೆಯಲ್ಲಿ ಮಲಗಿದ ಅವನು, "ಹೂಂ, ಸರಿ ಅಮ್ಮ. ನಾಳೆ ನೋಡೋಣ," ಎಂದು ಮಗ್ಗುಲಾಗುತ್ತಿದ್ದ. ಈ ಮನೆಯಲ್ಲಿ ಒಂದು ಗಳಿಗೆ ಮೌನ ಸಿಕ್ಕರೆ ಸಾಕು ಎಂದು ಹನ್ನೆರಡು ವರ್ಷ ಬೇಡಿಕೊಂಡಿದ್ದ. ಈಗ ಸಿಕ್ಕಿತ್ತು. ಕೋಳಿಗಳೂ ಕೆದಕುವುದನ್ನು ಬಿಟ್ಟು ಮೆಟ್ಟಿಲ ಕಡೆ ನೋಡುತ್ತ ನಿಂತಿದ್ದವು. ಅವನಿಗೆ ಹಾಸಿಗೆಯಲ್ಲಿ ಮಲಗಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಖೆನ್ ಅಜ್ಜಿ, ಮೀನು ಗೋರುವ ಕೈಬಲೆ ಹಿಡಿದು ಬಂದಳು. ಹಿಂದೆ ಅರ್ಧ ಕೇರಿಯೇ ಇತ್ತು.

"ಸ್ಕ್ಯಾನಲ್ಲಿ ಏನೂ ಸಿಕ್ಕಿಲ್ಲ ತಾನೆ? ಹೇಗೆ ಸಿಗುತ್ತೆ? ಬಿದ್ದ ಏಟಿಗೆ ಅವಳ ಖ್ವಾನ್ ಹೊರಗೆ ಬಿದ್ದಿದೆ," ಎಂದಳು ಅಜ್ಜಿ. "ಮೈಯನ್ನ ಮಾತ್ರ ಆಸ್ಪತ್ರೆಗೆ ಒಯ್ದಿದೀರಿ. ಆ ಖ್ವಾನ್, ಜೀವದ ಜೀವ, ಇಲ್ಲೇ ಮೆಟ್ಟಿಲ ಕೆಳಗೆ ಕೂತಿದೆ, ಪಾಪ."

"ಕೂತಿರಲ್ಲ, ಬೈತಾ ನಿಂತಿರುತ್ತೆ," ಎಂದಿತು ಹಿಂದಿನಿಂದ ಒಂದು ದನಿ.

ಅಜ್ಜಿ ಬಲೆಯಲ್ಲಿ ಅನ್ನದ ಉಂಡೆ, ಬೇಯಿಸಿದ ಮೊಟ್ಟೆ, ಬಿಳಿ ನೂಲು, ಬುವಾಲೈಯ ರವಿಕೆ ಇಟ್ಟಳು. ಬಿದ್ದ ಜಾಗದಲ್ಲಿ ಗಾಳಿಯನ್ನು ಮೂರು ಸಲ ಗೋರಿ, "ಬಾ ತಾಯಿ, ಬಾ, ಮನೆಗೆ ಹೋಗೋಣ," ಎಂದು ಕರೆದಳು. ಮೂರನೆಯ ಸಲ ಬಲೆ ತುಂಬಿದ ಕೊಡದಂತೆ ಜಗ್ಗಿತು. ಅಜ್ಜಿ ಥಟ್ಟನೆ ಬಟ್ಟೆ ಮುಚ್ಚಿ ಕಾಂಪನ್ ಕೈಗೆ ಕೊಟ್ಟಳು.

"ಬೀಳಿಸಿದವನೇ ಹೊರಬೇಕು. ಒಯ್ದು ಅವಳ ಮಣಿಕಟ್ಟಿಗೆ ಈ ನೂಲು ಕಟ್ಟು. ಅಲ್ಲಿವರೆಗೂ ಬಲೆ ಕೆಳಗಿಡಬಾರದು, ಹಿಂದಕ್ಕೆ ತಿರುಗಬಾರದು, ಯಾರೇ ಕರೆದ್ರೂ ಬಾಯಿ ಬಿಡಬಾರದು. ಬಿಟ್ಟೆಯೋ, ಹಾರಿಹೋಗುತ್ತೆ. ಸಂಜೆಗೆ ಮುಂಚೆ ಸೇರದಿದ್ರೆ ಅವಳು ಉಳಿಯಲ್ಲ."

"ಹೂಂ," ಎನ್ನಲು ಬಾಯಿ ತೆರೆದವನು ಹಲ್ಲು ಕಚ್ಚಿಕೊಂಡ.

ನಡುಮಧ್ಯಾಹ್ನ. ರಸ್ತೆಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮಲಗಿದ್ದ ನಾಯಿಗಳು ಅವನನ್ನು ಕಂಡು ಎದ್ದು, ಬೊಗಳದೆ, ದಾರಿ ಬಿಟ್ಟವು. ಬಟ್ಟೆಯ ಅಡಿಯಿಂದ ವೀಳ್ಯ ಮತ್ತು ನೋವಿನ ಎಣ್ಣೆಯ ವಾಸನೆ ಬರುತ್ತಿತ್ತು. ನೂರು ಹೆಜ್ಜೆ ನಡೆದಿರಬಹುದು, ಬೆನ್ನ ಹಿಂದೆ ಒಂದು ದನಿ ಕೇಳಿತು.

"ಅಳಿಯ ದೇವ್ರೇ, ನೆಟ್ಟಗೆ ಹಿಡ್ಕೋ."

ಹಾಗೆ ಕರೆಯುವವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಅವನು ತಿರುಗಲಿಲ್ಲ. ಬಲೆಯನ್ನು ನೆಟ್ಟಗೆ ಹಿಡಿದುಕೊಂಡ.

ಪೇಟೆಗೆ ಹೋಗುವ ಬಾಡಿಗೆ ಗಾಡಿಯ ಬೆಂಚಿನಲ್ಲಿ ಕಣ್ಣು ಕಾಣದ ಮುದುಕನೊಬ್ಬ ಕುಳಿತಿದ್ದ. ಕಾಂಪನ್ ಹತ್ತಿದ್ದೇ, ಅವನು ಇಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದ. "ನಿಮ್ಮಮ್ಮನ್ನೂ ಕೂರಿಸ್ಕೊಳಪ್ಪ," ಎಂದ. ಎದುರಿನ ಹೆಂಗಸರು ಖಾಲಿ ಜಾಗ ನೋಡಿದರು, ಬಲೆ ನೋಡಿದರು, ಆಮೇಲೆ ದಾರಿಯುದ್ದಕ್ಕೂ ತಮ್ಮ ಕಾಲ್ಬೆರಳುಗಳನ್ನೇ ನೋಡಿದರು.

ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನವನಲ್ಲದೆ ಬೇರೆ ಕಾವಲುಗಾರನಿದ್ದ. "ಯಾರನ್ನ ನೋಡಬೇಕು?"

ಕಾಂಪನ್ ಬಲೆಯನ್ನು ಎದೆಗೊತ್ತಿಕೊಂಡ.

"ನಿನ್ನನ್ನೇ ಕೇಳ್ತಿರೋದು, ಅಣ್ಣ. ಹೆಸರೇನು?"

ಕಾಂಪನ್ ಗದ್ದದಿಂದ ಒಳಗೆ ತೋರಿಸಿದ. ಕಚ್ಚಿಹಿಡಿದ ಬಾಯಿ ಒಂದು ಪಕ್ಕಕ್ಕೆ ವಾರೆಯಾಯಿತು. ಕಾವಲುಗಾರನಿಗೆ ಹಿಂದಿನ ವಾರವಷ್ಟೇ ತರಬೇತಿ ಕೊಟ್ಟಿದ್ದರು. ಅವನ ಮುಖ ಅರಳಿತು.

"ಮಾತು ನಿಂತಿದೆ, ಬಾಯಿ ವಾರೆ. ಗಾಲಿಕುರ್ಚಿ ತನ್ನಿ, ಪಾರ್ಶ್ವವಾಯು," ಎಂದು ಒಳಗೆ ಕೂಗಿದ.

ಇಬ್ಬರು ಬಂದು ಕಾಂಪನ್‌ನನ್ನು ಕುರ್ಚಿಗೆ ಒತ್ತಿದರು. "ನೋಡೋಕೆ ಒಣಮೀನು, ಭಾರ ಮಾತ್ರ ಇಬ್ಬರದು," ಎಂದು ತಳ್ಳುವವನು ಏದುಸಿರು ಬಿಟ್ಟ. ಕಾಂಪನ್ ಒಳಗೊಳಗೇ ಹಿಗ್ಗಿದ. ಬೆಳಿಗ್ಗೆ ನಿಂತು ಬೇಡಿದರೂ ತೆರೆಯದ ಬಾಗಿಲು ಈಗ ತಾನಾಗಿ ತೆರೆಯಿತು. ಆ ಹಿಗ್ಗು ಒಳಗೆ ಹೋಗುವವರೆಗೆ ಮಾತ್ರ.

"ಎರಡೂ ಕೈ ಎತ್ತಿ," ಎಂದರು ಎಳೆಯ ಡಾಕ್ಟರು.

ಬಲೆ ಕೆಳಗಿಡುವಂತಿಲ್ಲ. ಅವನು ಎಡಗೈ ಮಾತ್ರ ಎತ್ತಿದ.

"ಬಲಗೈಯಲ್ಲಿ ಶಕ್ತಿ ಇಲ್ಲ," ಎಂದು ಬರೆದುಕೊಂಡರು.

ಅವನು ಜೋರಾಗಿ ತಲೆಯಾಡಿಸಿದ.

"ತಲೆ ನಡುಗ್ತಿದೆ."

ಪರದೆಯ ಆಚೆಯ ಮಂಚವನ್ನು ಬೆರಳಿನಿಂದ ತೋರಿಸಿದ. ಪರದೆಯ ಸಂದಿನಲ್ಲಿ ಅತ್ತೆಯ ಬಿಳಿಗೂದಲು ಅವನಿಗೆ ಕಾಣುತ್ತಿತ್ತು. ಪಿಕುನ್ ರಕ್ತದ ವರದಿ ತರಲು ಹೋಗಿದ್ದಳು. ನರ್ಸ್ ವಿಲಾಯ್ ಆ ಕಡೆ ನೋಡಿ ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟಿದಳು. "ಪರದೆ ಹತ್ರ ಯಾರೋ ನಿಂತ ಹಾಗೆ ಕಾಣಿಸ್ತಿರಬೇಕು, ಸರ್."

ಡಾಕ್ಟರು ಸ್ಕ್ಯಾನಿಗೆ ಹೇಳಲು ಹೋದರು. ವಿಲಾಯ್ ಅವನ ಕೈಯ ಬಲೆ ಕಂಡು ಕರಗಿದಳು. ಅವಳೂ ಖ್ವಾನ್ ಕರೆಯುವ ಹಳ್ಳಿಯವಳೇ. "ಅಯ್ಯೋ ಪಾಪ, ನಿಮ್ಮ ಖ್ವಾನ್‌ನ ನೀವೇ ಹೊತ್ಕೊಂಡು ಬಂದ್ರಾ? ಕಟ್ಟೋಕೆ ಮನೇಲಿ ಯಾರೂ ಇಲ್ವಾ? ನಾನು ಕಟ್ತೀನಿ ಬಿಡಿ, ಅಣ್ಣ."

ಅವಳು ಬಟ್ಟೆ ಸರಿಸಿ ನೂಲು ತೆಗೆದಳು.

"ನನಗಲ್ಲ," ಎಂಬ ಒಂದು ಮಾತು ಸಾಕಿತ್ತು. ಆದರೆ ಆಡಿದರೆ ಬಲೆಯಲ್ಲಿದ್ದದ್ದು ಹಾರಿಹೋಗುತ್ತದೆ. ಸಂಜೆಗೆ ಆ ಬಿಳಿಗೂದಲಿನ ಮೇಲೆ ಬಟ್ಟೆ ಎಳೆಯುತ್ತಾರೆ. ಆಮೇಲೆ ಮನೆಯಲ್ಲಿ ಬೆಳಗಿನ ಆ ಮೌನ, ಇನ್ನು ಎಂದೆಂದಿಗೂ. ಬಾಯಿ ತೆರೆಯಲಾರದೆ ಅವನು ಕಣ್ಣು ಮುಚ್ಚಿದ. ಕಣ್ಣಂಚಿನಿಂದ ನೀರು ಇಳಿಯಿತು. ವಿಲಾಯ್, "ಇದ್ದುಬಿಡು ತಾಯಿ, ಈ ಮೈಯಲ್ಲೇ ಇದ್ದುಬಿಡು," ಎಂದು ಮೂರು ಗಂಟು ಹಾಕಿದಳು. ಬಲೆ ಹತ್ತಿಯಂತೆ ಹಗುರಾಯಿತು.

ಕಾಂಪನ್ ಕಣ್ಣು ತೆರೆದು, "ತಪ್ಪಾಯ್ತಮ್ಮ, ಅದು ನಮ್ಮತ್ತೇದು," ಎಂದು ಹೇಳಲು ಹೊರಟ. ಬಾಯಿಂದ ಬಂದದ್ದು ಬೇರೆ.

"ಈ ಮಂಚದ ಕೆಳಗೆ ಧೂಳು ನೋಡು. ಗುಡಿಸಿ ಎಷ್ಟು ದಿನ ಆಯ್ತು?"

ವಿಲಾಯ್ ಎರಡು ಹೆಜ್ಜೆ ಹಿಂದೆ ಸರಿದಳು. ಕಾಂಪನ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ವರದಿ ಹಿಡಿದು ಬಂದ ಪಿಕುನ್ ಪರದೆಯ ಆಚೆಯಿಂದ, "ಅಮ್ಮ ಕಣ್ಣು ಬಿಟ್ಟಳು," ಎಂದು ಕೂಗಿದಳು.

ಅವನು ಓಡಿದ. ಅತ್ತೆ ಮಲಗಿದ್ದಲ್ಲಿಂದ ಛಾವಣಿ ನೋಡುತ್ತಿದ್ದರು. ಅಷ್ಟು ಸಮಾಧಾನದ ಆ ಮುಖ ಅವನಿಗೆ ಗುರುತೇ ಸಿಗಲಿಲ್ಲ. ಕೈಮುಗಿದು ಕ್ಷಮೆ ಕೇಳಲು ಬಗ್ಗಿದ.

"ಮೆಟ್ಟಿಲಿಗೆ ಸೋಪು ಹಾಕಿದ್ದು ಯಾರು?" ಎಂದು ಕೇಳಿತು ಅವನ ಬಾಯಿ.

ಬುವಾಲೈ ಮೆಲ್ಲಗೆ ಅವನ ಕಡೆ ತಿರುಗಿದರು. ಕಣ್ಣಲ್ಲಿ ಕಾಂಪನ್‌ಗೆ ಬಹಳ ಪರಿಚಯವಿದ್ದ ಒಂದು ಅಂಜಿಕೆ ಇತ್ತು.

"ಹೂಂ, ಸರಿ ಅಮ್ಮ," ಎಂದರು.

ಮೂರನೆಯ ದಿನ ಎಲ್ಲರೂ ಮನೆಗೆ ಬಂದರು. ಡಾಕ್ಟರರ ಲೆಕ್ಕದಲ್ಲಿ ಇಬ್ಬರೂ ಪೂರ್ತಿ ಗುಣ. ಪಿಕುನ್ ಖೆನ್ ಅಜ್ಜಿಯನ್ನು ಎಳೆತಂದಳು. ಅಜ್ಜಿ ಇಬ್ಬರ ಮಣಿಕಟ್ಟನ್ನೂ ಮುಟ್ಟಿ ನೋಡಿದಳು.

"ಅವಳದು ಇವನೊಳಗೆ ಬಂದು ಕೂತಿದೆ. ಇವನದಕ್ಕೆ ಜಾಗ ಸಾಲದೆ ಪಕ್ಕದ ಖಾಲಿ ಮನೆಗೆ, ಅವಳ ಮೈಗೆ, ಹೋಗಿದೆ. ಮತ್ತೆ ಗೋರಬಹುದು. ಆದ್ರೆ ಅದಕ್ಕೂ ಮನಸ್ಸಿರಬೇಕು, ಬಲವಂತ ನಡೆಯಲ್ಲ. ಕೇಳಿ ನೋಡು."

ಪಿಕುನ್ ಮನೆಯ ಅಡಿಗೆ ಹೋದಳು. ನೆರಳಿನಲ್ಲಿ, ತೂಗುಬಲೆಯ ಹಾಸಿಗೆಯಲ್ಲಿ, ಅವಳ ತಾಯಿ ಒಂದು ಕಾಲು ಇಳಿಬಿಟ್ಟು ತೂಗಿಕೊಳ್ಳುತ್ತಿದ್ದರು.

"ಅಮ್ಮಾ, ಅಜ್ಜಿ ಬಂದಿದಾಳೆ. ಮತ್ತೆ ಮೊದಲಿನ ಹಾಗೆ ಮಾಡಿಬಿಡೋಣವಾ?"

"ಹೂಂ, ಸರಿ," ಎಂದರು ಬುವಾಲೈ. "ನಾಳೆ ನೋಡೋಣ." ಮಗ್ಗುಲಾಗಿ ನಿದ್ದೆಹೋದರು.

ಮೆಟ್ಟಿಲ ತುದಿಯಲ್ಲಿ ಕುಳಿತಿದ್ದ ಕಾಂಪನ್, ಕಾಪಾಡಿ ಎಂದು ಕೂಗಲು ಬಾಯಿ ತೆರೆದ.

"ಹೀಗೆ ಬಿದ್ಕೊಂಡಿದ್ರೆ ಈ ಮೆಟ್ಟಿಲು ಯಾರು ತಿಕ್ಕಬೇಕು, ಅಳಿಯ ದೇವ್ರೇ?"

ಕೆಳಗಿನಿಂದ ಗೊರಕೆ ಮಾತ್ರ ಬಂತು. ಅವನೇ ಬ್ರಷ್ ಎತ್ತಿಕೊಂಡು ಬಗ್ಗಿದ. ಸೋಪು ಹಾಕಲಿಲ್ಲ.